ಕಂಬ ತುಂಬಿದವಳು

ಪ್ರವಾಸದ ಬಸ್ಸಿನಲ್ಲಿ ನಾನು ಕೂತದ್ದು ನನ್ನ ಸೀಟಿನಲ್ಲಲ್ಲ. ನನ್ನ ತಮ್ಮ ಪರಸಪ್ಪನ ಗೆಳೆಯನೊಬ್ಬ ಹೆಸರು ಬರೆಸಿದ್ದವನು ಹೊರಡುವ ಹಿಂದಿನ ದಿನ ಜ್ವರ ಬಂದು ಮಲಗಿದ. ಪರಸಪ್ಪ ಅಡುಗೆಮನೆಯ ಬಾಗಿಲಿಗೆ ಬಂದು, ರೊಟ್ಟಿ ಬಡಿಯುತ್ತಿದ್ದ ನನ್ನನ್ನು ಒಂದು ಗಳಿಗೆ ನೋಡಿ, “ಅಕ್ಕಾ, ನೀನರ ಬಾ. ಸೀಟು ಸುಮ್ನ ಖಾಲಿ ಹೋಗೂದು ಬ್ಯಾಡ” ಎಂದ. ಅವನ ಹೆಂಡತಿ ಸುವರ್ಣಾಗೆ ಬಸ್ಸಿನಲ್ಲಿ ವಾಂತಿಯಾಗುತ್ತಿತ್ತು. ಜೊತೆಗೆ ಒಬ್ಬರಿದ್ದರೆ ಅನುಕೂಲವೇ ಆಯಿತು. ಗಂಡ ಸತ್ತು, ಒಂದು ಟ್ರಂಕು ಹಿಡಿದು ತಮ್ಮನ ಮನೆ ಸೇರಿದ್ದವಳು ನಾನು. ಕೂದಲು ಬೆಳ್ಳಗಾಗುವವರೆಗೆ ಸಮುದ್ರ ನೋಡಿರಲಿಲ್ಲ.

ಆ ಊರು ನೋಡುವಂಥದ್ದು ಎಂದು ಬಸ್ಸಿನವರು ದಾರಿಯುದ್ದಕ್ಕೂ ಹೇಳುತ್ತಲೇ ಇದ್ದರು. ಹೊಳೆಯ ಸೇತುವೆ ದಾಟಿದೊಡನೆ ಮನೆಗಳು ಕಂಡವು. ದೋಣಿಯನ್ನು ಬೋರಲು ಹಾಕಿದಂಥ ಹೆಂಚಿನ ಮಾಡು, ಅದರ ಎರಡೂ ತುದಿ ಮೂತಿ ಎತ್ತಿದಂತೆ ಆಕಾಶಕ್ಕೆ. ಗೋಡೆಗಳೆಲ್ಲ ಚಿಪ್ಪಿನ ಸುಣ್ಣದವು, ತೆಳ್ಳಗೆ, ಭಾರ ಹೊರುವ ಗೋಡೆಗಳಲ್ಲ. ಭಾರವೆಲ್ಲ ಚಾವಡಿಯ ನಡುವಿನ ಹಲಸಿನ ಕಂಬಗಳ ಮೇಲೆ. ತಲೆಮಾರುಗಳಿಂದ ಮೀನೆಣ್ಣೆ ಕುಡಿದು ಕಪ್ಪಾದ ಕಂಬಗಳು. ತೋಳು ಸುತ್ತಿದರೆ ಬೆರಳು ಮುಟ್ಟುವುದಿಲ್ಲ. ಪ್ರತಿ ಕಂಬದ ತಲೆಯಲ್ಲೂ ಕೆತ್ತನೆ: ಒಂದರಲ್ಲಿ ಏಡಿ, ಇನ್ನೊಂದರಲ್ಲಿ ಶಂಖ. ನಮ್ಮ ಬಸ್ಸಿನವರು ಇಳಿಯುವ ಮೊದಲೇ ಕಿಟಕಿಯಿಂದ ಫೋಟೋ ತೆಗೆಯತೊಡಗಿದರು.

ಬಸ್ಸು ನಿಲ್ಲುವಲ್ಲಿ ಊರಿನವರು ಗುಂಪಾಗಿ ನಿಂತಿದ್ದರು. ಎಳನೀರು, ಶಂಖದ ಸರ ಮಾರುವವರೆಂದುಕೊಂಡೆ. ಅವರ ಕೈಗಳು ಖಾಲಿಯಿದ್ದವು. ಇಳಿಯುವವರ ತಲೆಗಳನ್ನು ನೋಡುತ್ತಿದ್ದರು. “ರಾತ್ರಿ ನಿಲ್ತೀರಲ್ಲ? ನಿಲ್ತೀರಲ್ಲ?” ಎಂದು ಒಬ್ಬೊಬ್ಬರನ್ನೂ ಕೇಳುತ್ತಿದ್ದರು. ಆ ಊರಿನಲ್ಲಿ ಲಾಡ್ಜುಗಳಿಲ್ಲ. ಬಂದವರನ್ನು ಮನೆಗಳೇ ಇಟ್ಟುಕೊಳ್ಳುತ್ತವೆ. ಊಟ, ಹಾಸಿಗೆ, ಬೆಳಗಿನ ಬಿಸಿನೀರು, ಯಾವುದಕ್ಕೂ ಕಾಸಿಲ್ಲ. ಪರಸಪ್ಪನಿಗೆ ಇದು ಭಾರೀ ಖುಷಿಯಾಯಿತು. ಅವನನ್ನೂ ಸುವರ್ಣಾಳನ್ನೂ ತಾರಕ್ಕ ಎಂಬ ದಪ್ಪ ಹೆಂಗಸು ಕೈಹಿಡಿದೇ ಕರೆದೊಯ್ದಳು. ಅವಳ ಮನೆಯಲ್ಲಿ ಎರಡು ಕಂಬ ಖಾಲಿಯಿದ್ದವಂತೆ. ನಾನು ಎಲ್ಲರ ಚೀಲ ಇಳಿಸಿಕೊಂಡು ಕೊನೆಗೆ ಇಳಿದೆ. ಕೋಲೂರಿ ನಿಂತಿದ್ದ ಒಬ್ಬ ಮುದುಕಿ, ಕಣ್ಣಿಗೆ ಪೊರೆ ಬಂದವಳು, ನನ್ನ ಮೊಣಕೈ ಹಿಡಿದು ಪಕ್ಕದವರಿಗೆ ಹೇಳಿದಳು: “ಇವರು ನಮಗೆ.”

ಅವಳು ಕಲ್ಯಾಣಮ್ಮ. ತಾರಕ್ಕನ ಎದುರುಮನೆಯವಳು. ಅವಳದು ಮೂರು ಕಂಬದ ಮನೆ, ಆ ಓಣಿಯಲ್ಲಿ ಎಲ್ಲಕ್ಕಿಂತ ಚಿಕ್ಕದು. ಒಂದು ಕಂಬಕ್ಕೆ ಅವಳು, ಇನ್ನೊಂದಕ್ಕೆ ಮಗಳು ವಾರಿಜಾ. ಮೂರನೆಯದು ಮಗ ಐತಪ್ಪನದು. ಐತಪ್ಪ ಆಳದ ಮೀನಿಗೆಂದು ದೊಡ್ಡ ಬೋಟಿನಲ್ಲಿ ಹೋದವನು ತಿರುಗಿ ಬಂದಿರಲಿಲ್ಲ. ಬೋಟೂ ಸಿಕ್ಕಲಿಲ್ಲ, ಹೆಣವೂ ಸಿಕ್ಕಲಿಲ್ಲ. ವಾರಿಜಾ ಆ ಕಂಬದ ಬುಡದಲ್ಲಿ ನನಗೆ ಚಾಪೆ ಹಾಸಿ, “ಕಂಬಕ್ಕೆ ತಾಗಿಯೇ ಮಲಗ್ಬೇಕು ಅಂತ ಇಲ್ಲ. ಮನೆಯೊಳಗೆ ಮಲಗಿದ್ರೆ ಸಾಕು” ಎಂದಳು, ದಿಂಬಿನ ಬಗ್ಗೆ ಹೇಳುವಷ್ಟೇ ಸಲೀಸಾಗಿ. ಆ ಕಂಬದ ತಲೆಯಿಂದ ಹೊರಟ ಒಂದು ಬಿರುಕು ಗೋಡೆಯುದ್ದಕ್ಕೂ ಇಳಿದಿತ್ತು. ಅದರಿಂದ ಉಪ್ಪುನೀರು ಬೆವರಿನಂತೆ ಜಿನುಗುತ್ತಿತ್ತು. ಕೆಳಗೊಂದು ತಪ್ಪಲೆ ಇಟ್ಟಿದ್ದರು. ಮುಂಬಾಗಿಲು ಚೌಕಟ್ಟಿಗೆ ಕೂರದೆ ಹಗ್ಗದಲ್ಲಿ ಕಟ್ಟಿದ್ದರು.

ಬೆಳಿಗ್ಗೆ ನಾನು ಏಳುವಾಗ ಕಲ್ಯಾಣಮ್ಮ ಬಾಗಿಲ ಬಳಿ ನಿಂತು ಅದನ್ನು ತೆಗೆಯುತ್ತ, ಮುಚ್ಚುತ್ತ ಇದ್ದಳು. ಹಗ್ಗ ಬಿಚ್ಚಿ ಬಿದ್ದಿತ್ತು. ಬಾಗಿಲು ಚೌಕಟ್ಟಿನಲ್ಲಿ ಸರಿಯಾಗಿ ಕೂರುತ್ತಿತ್ತು. ತಪ್ಪಲೆಯಲ್ಲಿ ನೀರಿರಲಿಲ್ಲ. “ಎಷ್ಟೋ ಜನ ಬಂದು ಮಲಗಿ ಹೋಗಿದ್ದಾರೆ. ಹೀಗೆ ಬಾಗಿಲು ಯಾವತ್ತೂ ಕೂತದ್ದಿಲ್ಲ” ಎಂದು ನನ್ನ ಕೆನ್ನೆಗೆ ಅಂಗೈ ಇಟ್ಟು ಅತ್ತಳು. ನನ್ನ ಕೆನ್ನೆ ಮುಟ್ಟಿದವರು ಯಾರೂ ಇರದೆ ಎಷ್ಟು ವರ್ಷವಾಗಿತ್ತೋ ನನಗೇ ನೆನಪಿರಲಿಲ್ಲ.

ಹಗಲೆಲ್ಲ ಬಸ್ಸಿನವರು ಮನೆ ಮನೆ ನೋಡುತ್ತ ತಿರುಗಿದರು. ನಾನು ವಾರಿಜಾಳ ಜೊತೆ ದಂಡೆಗೆ ಹೋದೆ. ಸೂರ್ಯ ನೀರಿನಿಂದ ಇನ್ನೂ ಮಾರುದ್ದ ಮೇಲಿರುವಾಗಲೇ ಊರೆಲ್ಲ ಓಡತೊಡಗಿತು. ಬಲೆ ಒಗೆಯುತ್ತಿದ್ದವರು ಅರ್ಧಕ್ಕೆ ಬಿಟ್ಟು ದೋಣಿ ಎಳೆದರು. ಅಂಗಡಿಯವನು ತಕ್ಕಡಿಯಲ್ಲಿದ್ದ ಬೆಲ್ಲವನ್ನು ಅಲ್ಲಿಯೇ ಬಿಟ್ಟು ಬಾಗಿಲೆಳೆದ. ಆ ಊರಿನಲ್ಲಿ ಮದುವೆಗಳು ಮಧ್ಯಾಹ್ನವೇ ಮುಗಿಯುತ್ತವೆ; ಮಗಳನ್ನು ಕೊಟ್ಟ ದಿನವೇ ಸೊಸೆಯನ್ನು ತಂದುಕೊಳ್ಳುತ್ತಾರೆ. ಯಾರಾದರೂ ಹೊಳೆಯಾಚೆಯ ಆಸ್ಪತ್ರೆ ಸೇರಿದರೆ ನೆಂಟರಿಂದ ಒಬ್ಬರನ್ನು ಬೇಡಿ ತಂದು ಮಲಗಿಸುತ್ತಾರೆ. ಕಟ್ಟುವಾಗ ಎಷ್ಟು ಕಂಬ ನಿಲ್ಲಿಸಿದರೋ ಅಷ್ಟು ಜನ ರಾತ್ರಿ ಒಳಗಿರಬೇಕು, ಎಂದೆಂದಿಗೂ. ಒಬ್ಬರು ಕಡಿಮೆಯಾದರೆ ಮನೆ ಒಡೆಯುತ್ತದೆ, ಇಬ್ಬರು ಕಡಿಮೆಯಾದರೆ ಬಾಗುತ್ತದೆ, ಆಮೇಲಿನದನ್ನು ನೋಡಲು ಯಾರೂ ಕಾದವರಲ್ಲ. ವಾರಿಜಾ ನನ್ನ ಕೈ ಎಳೆದುಕೊಂಡು ಓಡುತ್ತಲೇ ಇದನ್ನೆಲ್ಲ ಹೇಳಿದಳು. ಹುಟ್ಟಿದಂದಿನಿಂದ ಅವಳು ಒಂದು ರಾತ್ರಿಯೂ ಬೇರೆಡೆ ಮಲಗಿದವಳಲ್ಲ.

ಮೂರನೆಯ ದಿನ ಬಸ್ಸು ಹೊರಡುವುದಿತ್ತು. ಅದೇ ಆ ಹಂಗಾಮಿನ ಕೊನೆಯ ಪ್ರವಾಸದ ಬಸ್ಸು. ಮಳೆ ಹಿಡಿದ ಮೇಲೆ ಯಾರೂ ಬರುವುದಿಲ್ಲ. ಕಲ್ಯಾಣಮ್ಮ ಗಂಜಿ ಬಡಿಸುತ್ತ, “ಮಳೆ ಮುಗಿವವರೆಗೆ ನಿಲ್ತೀರಾ, ಹೂವಕ್ಕ?” ಎಂದಳು. ಒತ್ತಾಯ ಮಾಡಲಿಲ್ಲ. ನಾನು ಊಟ ಮುಗಿಸಿ, ಕೈ ತೊಳೆದು, ಬಸ್ಸಿನ ಹತ್ತಿರ ಹೋಗಿ ಪರಸಪ್ಪನ ಚೀಲ, ಸುವರ್ಣಾಳ ಚೀಲ ಮೇಲಿಟ್ಟು ಕೆಳಗಿಳಿದೆ.

“ನಾ ಇಲ್ಲೇ ಇರತೀನಿ” ಎಂದೆ.

“ಹುಚ್ಚು ಹಿಡದದೇನ ನಿನಗ?” ಎಂದ ಪರಸಪ್ಪ. “ಗುರುತಿಲ್ಲದ ಮಂದಿ ಮನ್ಯಾಗ! ಊರಾಗ ಮಂದಿ ಏನಂದಾರು?”

“ಆ ಮನಿ ಬಾಗಲಾ ನಾ ಮಲಗಿದರ ಮುಚ್ಚತದ, ಪರಸಪ್ಪಾ.”

ಅವನಿಗೆ ಅದು ಅರ್ಥವಾಗಲಿಲ್ಲ. ಅರ್ಥವಾಗುವಂತೆ ಹೇಳಲು ನನಗೂ ಬರಲಿಲ್ಲ. ಅವನ ಮನೆಯಲ್ಲಿ ನಾನು ಅಡುಗೆಮನೆಗೂ ಬಚ್ಚಲಿಗೂ ನಡುವಿನ ಓಣಿಯಲ್ಲಿ ಮಲಗುತ್ತಿದ್ದೆ; ನೀರಿಗೆ ಎದ್ದವರು ನನ್ನನ್ನು ದಾಟಿಕೊಂಡು ಹೋಗುತ್ತಿದ್ದರು. ಅದನ್ನು ಅವನ ಮುಖದ ಮೇಲೆ ಆಡುವುದು ಹೇಗೆ? ಅವನು ಕೆಟ್ಟವನಲ್ಲ. ಸುವರ್ಣಾ ಕಿಟಕಿಯಿಂದ, “ಹಂಗಾರ ನಾಳಿ ಮುಂಜಾನೆ ರೊಟ್ಟಿ?” ಎಂದಳು. ಬಸ್ಸು ಹೋಯಿತು.

ಮಳೆ ಬಂತು. ಆ ಊರಿನ ಮಳೆಯಲ್ಲಿ ಸಮುದ್ರ ಯಾವುದು, ಆಕಾಶ ಯಾವುದು ತಿಳಿಯುವುದಿಲ್ಲ. ಎಲ್ಲ ಒಂದೇ ಬೂದಿಬಣ್ಣ. ಓಣಿಯ ಬೇರೆ ಮನೆಗಳಲ್ಲಿ ಬಿರುಕು ಬಿಟ್ಟ ಸದ್ದು, ತಪ್ಪಲೆಗೆ ತೊಟ್ಟಿಕ್ಕುವ ಸದ್ದು. ನಮ್ಮದು ಮಾತ್ರ ಗಟ್ಟಿಯಾಗಿತ್ತು. ತಾರಕ್ಕ ಆಗಾಗ ಬಂದು ನಮ್ಮ ಗೋಡೆ ನೇವರಿಸಿ, ನಿಟ್ಟುಸಿರುಬಿಟ್ಟು ಹೋಗುತ್ತಿದ್ದಳು. ವಾರಿಜಾ ನನಗೆ ಮೀನು ಹೆಚ್ಚುವುದನ್ನು ಕಲಿಸಿದಳು. ನಾನು ಅವಳಿಗೆ ಕೌದಿ ಹೊಲಿಯುವುದನ್ನು. ಹೊಲಿಯುತ್ತ ಕೂತಾಗಲೇ ಅವಳು ಮೋನಪ್ಪನ ವಿಷಯ ಹೇಳಿದ್ದು. ಹೊಳೆಯಾಚೆ ಐಸ್ ಫ್ಯಾಕ್ಟರಿಯಲ್ಲಿ ಕೆಲಸ ಮಾಡುವವನು. ಮೀನು ಕೊಡಲು ಹೋದಾಗ ಪರಿಚಯ. ಹಗಲಲ್ಲಿ ಮಾತ್ರ ಮಾತಾಡಿ ಮಾತಾಡಿ ಇಬ್ಬರ ಅರ್ಧ ಆಯುಷ್ಯ ಕಳೆದಿತ್ತು. ಅವನು ಈಚೆ ಬಂದು ಐತಪ್ಪನ ಕಂಬ ತುಂಬಬಹುದಿತ್ತಲ್ಲ ಎಂದೆ. “ಅವನ ಕೆಲಸ ರಾತ್ರಿಯದ್ದು, ಅಕ್ಕ” ಎಂದಳು. ಸೂಜಿಗೆ ನೂಲು ಪೋಣಿಸಲು ಕಣ್ಣು ಕಿರಿದು ಮಾಡಿ, “ದೀಪ ಹಚ್ಚಿದ ಮೇಲೆ ನಮ್ಮೂರು ಆಚೆ ದಡದಿಂದ ಹೇಗೆ ಕಾಣ್ತದೆ ಅಂತ ನಂಗೆ ಗೊತ್ತಿಲ್ಲ” ಎಂದಳು.

ಒಂದು ಸಂಜೆ ಅವಳು ಸೇತುವೆಯಿಂದ ವಾಪಸು ಬರಲಿಲ್ಲ. ಮೊದಲೇ ನನ್ನಲ್ಲಿ ಕೇಳಿಕೊಂಡಿದ್ದಳು: “ಒಂದೇ ರಾತ್ರಿ, ಹೂವಕ್ಕ. ಒಬ್ಬರು ಕಮ್ಮಿಯಾದ್ರೆ ಮನೆ ತಡೀತದೆ. ಇಷ್ಟು ವರ್ಷ ತಡೀಲಿಲ್ವಾ?” ಹೋಗು ಎಂದೆ. ಮನೆ ಒಮ್ಮೆ ಸೊಂಟ ಹಿಡಿದವರಂತೆ ನರಳಿತು, ಅಷ್ಟೇ. ಮರುದಿನ ಬಂದವಳ ಮುಖ ನೋಡಿ ನನಗೇ ಹೊಟ್ಟೆ ತುಂಬಿತು. “ಮಿಂಚುಹುಳ ಹಾಗೆ ಕಾಣ್ತದೆ ಅಕ್ಕ, ನಮ್ಮೂರು” ಎಂದು ದಿನವಿಡೀ ಅದನ್ನೇ ಹೇಳಿದಳು. ಆಮೇಲೆ ಮತ್ತೊಂದು ರಾತ್ರಿ ಹೋದಳು. ಆಮೇಲೆ ಹೋದವಳು ಬರಲಿಲ್ಲ.

ನಾನು ಬಾಗಿಲಲ್ಲಿ ನಿಂತು ಕಾದು ಕಾದು ಒಳಬಂದಾಗ ಕಲ್ಯಾಣಮ್ಮ ಎಲೆಯಡಿಕೆ ಕುಟ್ಟುತ್ತಿದ್ದಳು. “ಕಾಯ್ಬೇಡಿ. ಬರುದಿಲ್ಲ ಅವಳು. ನಾನೇ ಹೋಗು ಅಂದೆ” ಎಂದಳು.

ನಾನು ಅವಳ ಎದುರು ಕೂತೆ.

“ನಿಮ್ಮನ್ನು ಐತಪ್ಪನ ಕಂಬಕ್ಕೆ ಅಂತ ಕರ್ದದ್ದಲ್ಲ” ಎಂದಳು. ಕುಟ್ಟುವುದನ್ನು ನಿಲ್ಲಿಸಲಿಲ್ಲ. “ಬಸ್ಸಿಂದ ಎಲ್ರೂ ಇಳಿದ ಮೇಲೆ ನೀವು ಇಳಿದ್ರಿ. ಎಲ್ರ ಚೀಲ ನಿಮ್ಮ ಕೈಯಲ್ಲಿತ್ತು. ನನ್ನ ಕಣ್ಣಿಗೆ ಅಷ್ಟಾದ್ರೂ ಕಾಣ್ತದೆ. ಇವರನ್ನು ಹುಡುಕ್ಕೊಂಡು ಯಾರೂ ಬರ್ಲಿಕ್ಕಿಲ್ಲ, ಇವರು ನಿಂತ್ರೆ ನನ್ನ ಮಗಳು ಹೋಗ್ಬಹುದು ಅಂತ ಆಯ್ತು. ಬಾಗಿಲು ಕೂತದ್ದು ಸುಳ್ಳಲ್ಲ. ನಾನು ಅತ್ತದ್ದೂ ಸುಳ್ಳಲ್ಲ. ಆದ್ರೆ ಮನಸ್ಸಲ್ಲಿ ಇದ್ದದ್ದು ಇದು.”

ಆ ಮಾತಿನ ಮೇಲೆ ನಾನು ಅವಳೊಂದಿಗೆ ಬಹಳ ದಿನ ಮಾತಾಡಲಿಲ್ಲ. ಗಂಜಿ ಮಾಡಿದೆ, ಅವಳ ಮುಂದಿಟ್ಟೆ. ಬಟ್ಟೆ ಒಗೆದೆ. ಅವಳ ಕಾಲಿಗೆ ಎಣ್ಣೆ ತಿಕ್ಕಿದೆ. ಎಲ್ಲವನ್ನೂ ಬಾಯಿ ಹೊಲಿದುಕೊಂಡು ಮಾಡಿದೆ. ಎದ್ದು ಹೋಗಿಬಿಡಬೇಕೆಂದು ದಿನವೂ ಅನ್ನಿಸುತ್ತಿತ್ತು, ಮತ್ತು ದಿನವೂ ಸಂಜೆಯಾಗುತ್ತಿತ್ತು. ನಾನು ಹೋದರೆ ಮೂರು ಕಂಬದ ಮನೆಯಲ್ಲಿ ಒಂದು ಮುದುಕಿ. ಅವಳೂ ನನ್ನನ್ನು ನಿಲ್ಲಿ ಎನ್ನಲಿಲ್ಲ. ಗೋಡೆಯ ಹಳೆಯ ಬಿರುಕು ಮತ್ತೆ ಬಾಯಿ ತೆರೆಯಿತು, ಜೊತೆಗೆ ವಾರಿಜಾಳ ಕಂಬದಿಂದ ಇನ್ನೊಂದೂ ಹೊರಟಿತು. ಗಾಳಿ ಜೋರಾದ ಒಂದು ದಿನ ಹೆಂಚೊಂದು ಜಾರಿ ಕಲ್ಯಾಣಮ್ಮನ ಚಾಪೆಯ ಪಕ್ಕ ಒಡೆಯಿತು. ಅವಳಿಗೆ ಚಳಿಜ್ವರ ಹಿಡಿಯಿತು. ಕಣ್ಣಿನ ಪೊರೆ ಪೂರ್ತಿ ಮುಚ್ಚಿತು. ಜ್ವರದಲ್ಲಿ ಅವಳು ನನ್ನ ಹೆಸರನ್ನೂ ಕರೆಯಲಿಲ್ಲ, ವಾರಿಜಾಳ ಹೆಸರನ್ನೂ ಕರೆಯಲಿಲ್ಲ. “ದೋಣಿ ಬಂತಾ?” ಎಂದಷ್ಟೇ ಕೇಳುತ್ತಿದ್ದಳು.

ಆಗಲೇ ಪರಸಪ್ಪ ಬಂದದ್ದು. ಮಳೆಯಲ್ಲಿ ತೊಯ್ದು, ಚಪ್ಪಲಿ ಕೈಯಲ್ಲಿ ಹಿಡಿದು ಬಾಗಿಲಲ್ಲಿ ನಿಂತಿದ್ದ. ಸುವರ್ಣಾಗೆ ಗರ್ಭಕೋಶದ ಆಪರೇಷನ್ ಆಗಿತ್ತು. ಮನೆಯಲ್ಲಿ ಒಲೆ ಹಚ್ಚುವವರಿರಲಿಲ್ಲ. ನನ್ನನ್ನು ನೋಡಿದವನೇ ಕಣ್ಣಲ್ಲಿ ನೀರು ತಂದುಕೊಂಡ.

“ಅಕ್ಕಾ, ನೀನಿಲ್ಲದ ಮನಿ ನಡಿಯವಲ್ದು.”

ಈ ಮಾತನ್ನು ಅವನ ಬಾಯಿಂದ ಕೇಳಬೇಕೆಂದು ಎಷ್ಟು ವರ್ಷ ಆ ಓಣಿಯಲ್ಲಿ ಮಲಗಿದ್ದೆನೋ! ಕೇಳಿದಾಗ ಎದೆಯಲ್ಲಿ ಏನೂ ಅಲುಗಲಿಲ್ಲ. ಅವನಿಗೆ ಟವೆಲು ಕೊಟ್ಟೆ. “ಈಕೀನ ಬಿಟ್ಟು ಹೆಂಗ ಬರಲಿ?” ಎಂದೆ. ಅವನು ಒಳಗೆ ನೋಡಿದ. ಸೂರ್ಯ ಇಳಿಯುವ ಹೊತ್ತಾಗಿತ್ತು. ಹೊರಗೆ ಓಡುವ ಕಾಲುಗಳ ಸದ್ದು. “ಇವತ್ತು ಇಲ್ಲೇ ಮಲಕೋ. ನಾಳೆ ನೋಡೂಣು” ಎಂದು ವಾರಿಜಾಳ ಚಾಪೆ ಬಿಡಿಸಿದೆ.

ಅವನು ಕೂತು ಕೆಮ್ಮಿದ. ಬೀಡಿಯ ಕೆಮ್ಮು, ಗಂಡಸಿನದು. ಕಲ್ಯಾಣಮ್ಮ ತಲೆ ಎತ್ತಿದಳು.

“ಬಂದನಾ?” ಎಂದಳು.

ನಾನು ಪರಸಪ್ಪನನ್ನು ನೋಡಿದೆ, ಅವನು ನನ್ನನ್ನು. “ಬಂದ” ಎಂದೆ.

“ಊಟ ಹಾಕು ಅವನಿಗೆ. ಬಂಗುಡೆ ಉಂಟಾ?”

ಬಂಗುಡೆ ಮೀನು ಇರಲಿಲ್ಲ. ಒಣಮೀನಿನ ಚಟ್ನಿ, ಗಂಜಿ ಹಾಕಿದೆ. ಪರಸಪ್ಪ ಬೇಡವೆನ್ನಲಿಲ್ಲ, ಅವಳಿಗೆ ಕೇಳುವಂತೆ ಸೊರ್ರೆಂದು ಸದ್ದು ಮಾಡಿ ಉಂಡ. ಆಮೇಲೆ ಅವಳು ಕೈ ಚಾಚಿದಳು. ಅವನು ಮಂಡಿಯೂರಿ ಹತ್ತಿರ ಹೋದ. ಅವಳು ಅವನ ದಪ್ಪ ತೋಳು ಹಿಚುಕಿ, ಕುತ್ತಿಗೆ ಸವರಿ, “ಎಷ್ಟು ಸೊರಗಿದ್ದಿ, ಮಗಾ” ಎಂದಳು. ನಮ್ಮವ್ವ ಸಾಯುವಾಗ ಪರಸಪ್ಪ ಅಂಬೆಗಾಲಿಡುತ್ತಿದ್ದ. ಅವನು ತಲೆಯನ್ನು ಆ ಮುದುಕಿಯ ಮಡಿಲಲ್ಲಿಟ್ಟು, “ಹೂಂ ಅವ್ವಾ” ಎಂದ. ಮತ್ತೆ ಎಷ್ಟೋ ಹೊತ್ತು ತಲೆ ಎತ್ತಲಿಲ್ಲ.

ಐತಪ್ಪ ಹೋದ ಮೇಲೆ, ವಾರಿಜಾ ಹೊಳೆ ದಾಟಿದ ಮೇಲೆ, ಮನೆ ಮತ್ತೆ ತುಂಬಿತ್ತು. ಮಾಡು ಒಮ್ಮೆಯೂ ಕಿರ್ರೆನ್ನಲಿಲ್ಲ. ಬೆಳಿಗ್ಗೆ ಬೆಳಕು ಬಿದ್ದಾಗ ಎರಡೂ ಬಿರುಕುಗಳು ಕೂದಲೆಳೆಯಷ್ಟಾಗಿದ್ದವು. ಕಲ್ಯಾಣಮ್ಮ ಏಳಲಿಲ್ಲ. ಅವಳ ಒಂದು ಕೈ ಪರಸಪ್ಪನ ಚಾಪೆಯ ಕಡೆ ಚಾಚಿಕೊಂಡೇ ತಣ್ಣಗಾಗಿತ್ತು.

ವಾರಿಜಾಗೆ ಯಾರೋ ಸುದ್ದಿ ಮುಟ್ಟಿಸಿದರು. ಅವಳು ಬಂದು ಅಂಗಳದಲ್ಲೇ ಕುಕ್ಕರಿಸಿದಳು. ಹೆಣ ಎತ್ತುವವರೆಗೂ ಒಳಗೆ ಬರಲಿಲ್ಲ. ಬಂದರೆ ಮನೆ ತನ್ನನ್ನು ಹಿಡಿದುಕೊಳ್ಳುತ್ತದೆ ಎಂಬಂತೆ ಹೊಸಿಲನ್ನೇ ನೋಡುತ್ತಿದ್ದಳು. “ಬೈಯಿರಿ ಅಕ್ಕ. ಎರಡು ಮಾತು ಬೈಯಿರಿ” ಎಂದಳು. ನಾನು ಅವಳ ಪಕ್ಕ ಕೂತು ಬೆನ್ನ ಮೇಲೆ ಕೈ ಇಟ್ಟೆ.

ಮಣ್ಣು ಮಾಡಿ ಬಂದ ಮೇಲೆ ಓಣಿಯ ಹಿರಿಯರು ಹೇಳಿದರು: ಇನ್ನು ಇಲ್ಲಿ ಉಳಿಯುವವರಿಲ್ಲ, ಈ ಮನೆ ನಿಲ್ಲುವುದಿಲ್ಲ, ಬೇಕಾದ್ದು ತೆಗೆದುಕೊಂಡು ಹೊತ್ತು ಮುಳುಗುವ ಮೊದಲು ಹೊರಗೆ ಬನ್ನಿ, ಬೆಳಗಾಗುವುದರಲ್ಲಿ ಬಿದ್ದಿರುತ್ತದೆ. ಅವರ ಮಾತು ಮುಗಿದಿರಲಿಲ್ಲ, ತಾರಕ್ಕ ನನ್ನ ತೋಳು ಹಿಡಿದಳು. “ಹೂವಕ್ಕ, ನಮ್ಮಲ್ಲಿ ಎರಡು ಕಂಬ ಖಾಲಿ ಉಂಟು. ಮೀನು, ಅಕ್ಕಿ, ಎಂತದಕ್ಕೂ ಕೊರತೆ ಮಾಡುದಿಲ್ಲ.” ಹಿಂದಿನಿಂದ ಇನ್ನೊಬ್ಬಳು ನನ್ನ ಸೆರಗು ಜಗ್ಗಿ, ತನ್ನ ಮನೆ ಗಾಳಿಗೆ ಹೇಗೆ ತೂಗುತ್ತದೆಂದು ಹೇಳತೊಡಗಿದಳು. ಮೂರನೆಯವಳು ಆಗಲೇ ನನ್ನ ಕೌದಿ ಮಡಚಿ ಕಂಕುಳಲ್ಲಿಟ್ಟುಕೊಂಡಿದ್ದಳು. ನನ್ನನ್ನು ಬೇಕೆಂದವರು ಅಷ್ಟು ಜನ ಒಟ್ಟಿಗೆ ಯಾವತ್ತೂ ಇರಲಿಲ್ಲ. ಪರಸಪ್ಪ ನುಗ್ಗಿ ಬಂದು, “ಆಕಿನ್ನ ಏನಂತ ತಿಳಕೊಂಡೀರಿ? ಹೆಣಾ ಹೋಗಿ ಒಂದು ತಾಸಾಗಿಲ್ಲ!” ಎಂದು ಕೂಗಾಡಿ ಎಲ್ಲರನ್ನೂ ಸರಿಸಿದ. ಅವನ ಇನ್ನೊಂದು ಕೈಯಲ್ಲಿ ನನ್ನ ಬಟ್ಟೆಯ ಗಂಟು ಇತ್ತು. ನನ್ನನ್ನು ಕೇಳದೆಯೇ ಕಟ್ಟಿ ತಂದಿದ್ದ.

ಸೂರ್ಯ ಇಳಿದ. ಊರು ಓಡಿ ಒಳಗಾಯಿತು. ಓಣಿಯಲ್ಲಿ ಉಳಿದವರು ನಾವು ಮೂವರೇ. ಮನೆ ಬೀಳುವುದನ್ನು ನೋಡಲು ವಾರಿಜಾಗೆ ಧೈರ್ಯವಿರಲಿಲ್ಲ. ಬಾಗಿಲೆಳೆದುಕೊಂಡು ಹೊರಟು, ಸೇತುವೆಯ ಬಳಿಯ ಬಸ್ ತಂಗುದಾಣದಲ್ಲಿ ಮುದುಡಿ ಮಲಗಿದೆವು. ಒಂದು ಸದ್ದಿಗಾಗಿ ಕಾಯುತ್ತ ಬೆಳಗಿನ ಜಾವಕ್ಕೆ ನಿದ್ದೆ ಹೋದೆವು.

ಬೆಳಿಗ್ಗೆ ಹೋಗಿ ನೋಡಿದರೆ ಮನೆ ನಿಂತಿತ್ತು.

ಸುಮ್ಮನೆ ನಿಂತಿರಲಿಲ್ಲ. ನೆಟ್ಟಗೆ ನಿಂತಿತ್ತು. ಮಾಡಿನ ಎರಡು ಮೂತಿಗಳೂ ಸರಿಸಮವಾಗಿದ್ದವು. ಬಾಗಿಲು ನಾವು ಎಳೆದಂತೆಯೇ ಚೌಕಟ್ಟಿನಲ್ಲಿ ಕೂತಿತ್ತು. ಗೋಡೆ ಒಣಗಿತ್ತು. ಓಣಿಯ ಗಂಡಸರು, ವಯಸ್ಸಾದ ಹೆಂಗಸರು ಎಲ್ಲ ಎದುರಿಗೆ ನಿಂತಿದ್ದರು, ಯಾರೂ ಯಾರ ಮುಖವನ್ನೂ ನೋಡುತ್ತಿರಲಿಲ್ಲ. ಕೊನೆಗೆ ಒಬ್ಬ ಮುದುಕ, “ನಿನ್ನೆ ಗಾಳಿ ಇರ್ಲಿಲ್ಲ” ಎಂದ. “ಹೌದು, ಗಾಳಿ ಇರ್ಲಿಲ್ಲ” ಎಂದ ಇನ್ನೊಬ್ಬ. ರಾತ್ರಿ ಗಾಳಿಗೆ ತಂಗುದಾಣದ ತಗಡು ಹಾರಿ ಹೋಗಿದ್ದನ್ನು ನಾವು ಮೂವರೂ ನೋಡಿದ್ದೆವು.

ವಾರಿಜಾ ಒಳಗೆ ಹೋದಳು. ನಾನೂ ಹಿಂದೆ ಹೋದೆ. ಅವಳು ತನ್ನ ಕಂಬದ ಮುಂದೆ ನಿಂತು, ಅದನ್ನು ಎರಡು ಕೈಯಿಂದಲೂ ತಳ್ಳಿದಳು. ಮೊದಲು ಮೆಲ್ಲಗೆ, ಆಮೇಲೆ ಭುಜ ಕೊಟ್ಟು. ಕಂಬ ಅಲುಗಲಿಲ್ಲ. ಅವಳು ಅದರ ಬುಡದಲ್ಲಿ ಕೂತಳು.

“ನಂಗೀಗ ನಲವತ್ತು ಹತ್ರ ಆಯ್ತು, ಅಕ್ಕ” ಎಂದಳು. ಅಳಲಿಲ್ಲ. ಅತ್ತಿದ್ದರೆ ಚೆನ್ನಾಗಿತ್ತು. “ಅಮ್ಮನನ್ನು ಎತ್ಕೊಂಡು ಆವಾಗ್ಲೇ ಹೊರಗೆ ಹೋಗಿದ್ರೆ ಆಗ್ತಿತ್ತು ಅಲ್ವಾ? ಎಲ್ರೂ ಒಟ್ಟಿಗೆ?”

ಹೊರಗೆ ಮಾತು ಶುರುವಾಗಿತ್ತು. ಮಕ್ಕಳನ್ನೂ, ಹರೆಯದ ಸೊಸೆಯಂದಿರನ್ನೂ ಅವರವರ ಮನೆಯೊಳಗೆ ಕೂರಿಸಿ ಬಾಗಿಲು ಹಾಕಿದರು. ಬೀಳುವ ಮನೆ, ಹೆಂಚು ಗಿಂಚು ತಾಗೀತು, ಎಂದರು. ಆಮೇಲೆ ದೋಣಿ ಎಳೆಯುವ ಹಗ್ಗಗಳು ಬಂದವು, ಹಾರೆಗಳು ಬಂದವು. ನಮ್ಮನ್ನು ಮೆತ್ತಗೆ, ಮರ್ಯಾದೆಯಿಂದಲೇ ಹೊರಗೆ ಕಳಿಸಿದರು. ಪರಸಪ್ಪ, “ನಿಂತ ಮನಿ ಯಾಕ ಕೆಡವತೀರಿ?” ಎಂದು ಒಬ್ಬನ ಹಾರೆ ಹಿಡಿದ. ಅವನು ಪರಸಪ್ಪನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದ.

ಆ ಊರಿನವರು ದೋಣಿ ಎಳೆಯುವಾಗ ಐಲೇಸಾ ಕೂಗುವುದು ಸೇತುವೆಯವರೆಗೆ ಕೇಳುತ್ತಿತ್ತು. ಅವತ್ತು ಯಾರೂ ಕೂಗಲಿಲ್ಲ. ಮೂರೂ ಕಂಬಗಳಿಗೆ ಹಗ್ಗ ಬಿಗಿದು, ಬುಡಕ್ಕೆ ಹಾರೆ ಕೊಟ್ಟು, ಬಾಯಿ ಮುಚ್ಚಿಕೊಂಡು ಎಳೆದರು. ತಾರಕ್ಕನೂ ಎಳೆದಳು. ಅವಳ ಕೆನ್ನೆಯ ಮೇಲೆ ನೀರು ಸುರಿಯುತ್ತಿತ್ತು. ಒರೆಸಲು ಹಗ್ಗ ಬಿಡಬೇಕಾಗುತ್ತದೆಂದು ಹಾಗೆಯೇ ಬಿಟ್ಟಿದ್ದಳು. ಮನೆ ಸುಲಭಕ್ಕೆ ಬರಲಿಲ್ಲ. ಮಧ್ಯಾಹ್ನ ದಾಟಿದ ಮೇಲೆ ಒಂದು ಕಂಬ ಕಿತ್ತು ಬಂತು, ಅದರ ಹಿಂದೆ ಮಾಡು ಮಗ್ಗುಲಾಗಿ ಕುಸಿಯಿತು. ಸುಣ್ಣದ ಧೂಳು ಎಲ್ಲರ ತಲೆಯ ಮೇಲೂ ಕೂತಿತು. ಅದನ್ನು ಕೊಡವಿಕೊಂಡು ಒಬ್ಬೊಬ್ಬರೇ ಹೋದರು. ಹೋಗುತ್ತ ಒಬ್ಬ ತನ್ನ ಮನೆಯ ಬಾಗಿಲು ತಟ್ಟಿ ಒಳಗಿದ್ದವರಿಗೆ ಹೇಳಿದ್ದು ನನಗೆ ಕೇಳಿತು: “ಬಿತ್ತು.”

ಬಸ್ಸು ಸಂಜೆಗಿತ್ತು. ಸೇತುವೆಯ ಮೇಲೆ ಪರಸಪ್ಪ ಮುಂದೆ, ನಾನೂ ವಾರಿಜಾಳೂ ಹಿಂದೆ. ನಾನು ಅವನಿಗೆ ಗಂಟು ಇಳಿಸಲು ಹೇಳಿದೆ. “ಸುವರ್ಣಾ ಎದ್ದು ಓಡಾಡೂ ಮಟಾ ಬಂದಿರತೀನಿ. ಆಮ್ಯಾಲ ಇರೂದಿಲ್ಲ. ಎಲ್ಲಿಗೆ ಹೋಗತೀನಿ ಅಂತ ಕೇಳಬ್ಯಾಡ, ನನಗೂ ಗೊತ್ತಿಲ್ಲ” ಎಂದೆ. ಅವನು ಮೊನ್ನೆ ಆ ಮುದುಕಿ ಸವರಿದ ಕುತ್ತಿಗೆಯನ್ನು ತಾನೇ ಸವರಿಕೊಂಡು ಗಂಟನ್ನು ಮತ್ತೆ ಎತ್ತಿಕೊಂಡ. ವಾರಿಜಾ ನನ್ನ ಕೈಬೆರಳು ಹಿಡಿದು, “ಮೋನಪ್ಪನದ್ದು ಒಂದೇ ಕೋಣೆ. ಆದ್ರೂ ಬನ್ನಿ” ಎಂದಳು. ನೋಡೋಣ ಎಂದೆ.

ಆಗ ಹಿಂದಿನಿಂದ ಯಾರೋ ಓಡಿಬಂದರು. ತಾರಕ್ಕನ ಸೊಸೆ ಸುಗಂಧಿ. ಕಳೆದ ವರ್ಷ ಮದುವೆಯಾಗಿ ಬಂದವಳು; ಬಂದಂದಿನಿಂದ ತವರಿಗೆ ಹಗಲು ಹೋಗಿ ಹಗಲೇ ಬರುವವಳು. ಏದುಸಿರು ಬಿಡುತ್ತ ನಮ್ಮ ಮುಂದೆ ನಿಂತಳು. ಹಿಂದೆ ತಿರುಗಿ ಯಾರೂ ಇಲ್ಲವೆಂದು ನೋಡಿಕೊಂಡಳು.

“ನಮ್ಮನ್ನು ಒಳಗೆ ಹಾಕಿದ್ರು. ಸದ್ದು ಮಾತ್ರ ಕೇಳಿತು” ಎಂದಳು. “ಅದು ತಾನಾಗಿ ಬಿತ್ತಾ?”

ವಾರಿಜಾ ಹೊಳೆಯ ಕಡೆ ಮುಖ ತಿರುಗಿಸಿದಳು. ಊರಿನವಳು ಅವಳು, ಹೇಳಲು ಅವಳಿಂದ ಆಗುತ್ತಿರಲಿಲ್ಲ. ನಾನೇ ಹೇಳಿದೆ:

“ತಾನಾಗಿ ಬೀಳಲಿಲ್ಲವ್ವಾ. ರಾತ್ರಿಯೆಲ್ಲ ಒಳಗ ಯಾರೂ ಇರಲಿಲ್ಲ, ಆದರೂ ನೆಟ್ಟಗ ನಿಂತಿತ್ತು. ಹಗಲಾದ ಮ್ಯಾಲ ಎಳದು ಕೆಡವಿದ್ರು. ನಿಮ್ಮತ್ತೀನೂ ಹಗ್ಗ ಹಿಡದಿದ್ಲು.”

ಸುಗಂಧಿ ನನ್ನ ಮುಖವನ್ನೇ ನೋಡುತ್ತ, ಹಣೆಯ ಬೆವರು ಒರೆಸಿಕೊಂಡಳು. ಸೂರ್ಯ ನೀರಿಗೆ ಹತ್ತಿರವಾಗಿತ್ತು. ದಂಡೆಯ ಕಡೆಯಿಂದ ಹೆಸರು ಹಿಡಿದು ಕೂಗುವ ದನಿಗಳು, ಮರಳಿನ ಮೇಲೆ ದಡದಡ ಕಾಲುಗಳು. ಬುಟ್ಟಿ ಹೊತ್ತವರು, ಮಗು ಎತ್ತಿಕೊಂಡವರು, ಎಲ್ಲರೂ ತಮ್ಮ ತಮ್ಮ ಮಾಡಿನ ಕಡೆ ಓಡುತ್ತಿದ್ದರು. “ಸುಗಂಧೀ!” ಎಂದು ತಾರಕ್ಕನ ದನಿಯೂ ಕೇಳಿತು.

“ಬರ್ತೇನೆ” ಎಂದಳು ಸುಗಂಧಿ. ನಮಗೆ ಹೇಳಿದ್ದೋ, ಅತ್ತೆಗೆ ಹೇಳಿದ್ದೋ ತಿಳಿಯಲಿಲ್ಲ. ಸೆರಗು ಸರಿಮಾಡಿಕೊಂಡು ಊರಿನ ಕಡೆ ತಿರುಗಿದಳು. ಸೇತುವೆಯ ಆ ತುದಿ ದಾಟುವವರೆಗೂ ನಾನು ನೋಡುತ್ತಿದ್ದೆ. ತಾರಕ್ಕ ಮತ್ತೆ ಮತ್ತೆ ಕೂಗುತ್ತಲೇ ಇದ್ದಳು. ಸುಗಂಧಿ ಓಡಲಿಲ್ಲ. ನಡೆದುಕೊಂಡೇ ಹೋದಳು.